ಕೆಲಸದ ವಿಷಯ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಸಾಗರದಲ್ಲಿ ಮಳೆ ಬಿಟ್ಟಿದೆ, ಅಡಿಕೆಯ ಕೊನೆಕೊಯ್ಲು ಶುರುವಾಗಿದೆ, ಮಂಡಿಯಲ್ಲಿ ನನಗೆ ಬಿಡುವಿಲ್ಲ. ಆದರೂ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಅಲ್ಲಿ ಸಿಯೋಲ್‌ನಲ್ಲಿ ರಾತ್ರಿ ಹೋಟೆಲಿನ ಕೆಲಸಕ್ಕೆ ಸೇರಲಾ ಅಂತ ಕೇಳಿದ್ದೆ. ಪೇಪರ್ ಗೀಪರ್ ಏನೂ ಬೇಡ, ಕೈಗೆ ಕ್ಯಾಷ್ ಕೊಡ್ತೀನಿ ಅಂತ ಮಾಲೀಕ ಹೇಳಿದ ಅಂದೆ. ಆ ಕೆಲಸ ಬೇಡ. ಕೊರಿಯನ್ ಭಾಷೆ ಕಲಿಯಲು ದಕ್ಷಿಣ ಕೊರಿಯಾದವರು ಕೊಡುವ ಡಿ-4 ವೀಸಾದಲ್ಲಿ ಮೊದಲ ಆರು ತಿಂಗಳು ದುಡಿಯುವ ಹಾಗೇ ಇಲ್ಲ. ಆಮೇಲೂ ವಲಸೆ ಕಚೇರಿಯ ಅನುಮತಿ ಬೇಕು, ವಾರಕ್ಕೆ ಇಷ್ಟೇ ಗಂಟೆ ಅಂತ ಮಿತಿ ಬೇರೆ. ಸಿಕ್ಕಿಬಿದ್ದರೆ ಅವನು ದಂಡ ಕಟ್ಟಿ ಅಂಗಡಿ ನಡೆಸುತ್ತಾನೆ, ನಿನ್ನ ವೀಸಾಕ್ಕೇ ಕುತ್ತು ಬರುತ್ತದೆ. ಸಂಬಳ ಕೊಡದೆ ಸತಾಯಿಸಿದರೂ ನೀನು ದೂರು ಕೊಡಲು ಹೆದರುತ್ತೀಯ, ಅದು ಅವನಿಗೆ ಚೆನ್ನಾಗಿ ಗೊತ್ತು. 2025ಕ್ಕೇ ಅಲ್ಲಿ ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 10,030 ವೊನ್. ಅವನು ಹೇಳಿದ್ದು ಅದಕ್ಕಿಂತ ಕಡಿಮೆ. ಲೆಕ್ಕ ಬರೆಯುವವನ ಮಗಳು ಇಷ್ಟಾದರೂ ನೋಡಬೇಡವಾ?

ದುಡ್ಡಿನ ಯೋಚನೆ ನಿನಗೆ ಯಾಕೆ ಹತ್ತಿತು ಅಂತ ನನಗೆ ಗೊತ್ತು. ನೀನು ಅಮ್ಮನಿಗೆ ಹೇಳಿದ್ದೆಲ್ಲ ನನಗೆ ಬಂದು ಮುಟ್ಟುತ್ತದೆ. ಒಂದು ರೂಪಾಯಿಗೆ ಸುಮಾರು 16 ವೊನ್ ಅಂತ ತಲೆಯಲ್ಲಿ ಇಟ್ಟುಕೊಂಡು ಕಂಡಕಂಡದ್ದನ್ನೆಲ್ಲ ಭಾಗಿಸುತ್ತಾ ಕೂರುತ್ತೀಯಂತೆ. 4,500 ವೊನ್‌ನ ಕಾಫಿ 280 ರೂಪಾಯಿ ಆಯ್ತು ಅಂತ ಕುಡಿಯಬೇಡ, ಅಡ್ಡಿಯಿಲ್ಲ. ಆದರೆ ಊಟ ಬಿಡುವುದು, ಚಳಿಯಲ್ಲಿ ಬಾಯ್ಲರ್ ಹಾಕದೆ ಎರಡು ಸ್ವೆಟರ್ ಹಾಕಿ ಮಲಗುವುದು ಯಾವ ಉಳಿತಾಯ? ಸಿಯೋಲ್‌ನ ಜನವರಿಯಲ್ಲಿ ಮೈನಸ್ 10 ಡಿಗ್ರಿಗೂ ಇಳಿಯುತ್ತದೆ. ನೆಲದಡಿ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ಒಂಡೋಲ್ ವ್ಯವಸ್ಥೆ ಅವರು ಸುಮ್ನೆ ಮಾಡಿಕೊಂಡಿಲ್ಲ. ಹಾಕಿಕೋ. ಇನ್ನು ಆರೋಗ್ಯ ವಿಮೆ. 2021ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳಿಗೂ ಅದು ಕಡ್ಡಾಯ, ಆದರೆ ನಿನ್ನ ಹಾಗೆ ಭಾಷೆ ಕಲಿಯಲು ಬಂದವರಿಗೆ ಆರು ತಿಂಗಳು ಕಳೆದ ಮೇಲೆ. ಹಾಗಂತ ಈ ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗದೆ ಬಿಸಿನೀರು ಕುಡಿದುಕೊಂಡು ಇರುವುದೇಕೆ? ಈ ವರ್ಷದ ಫೀಸು, ಬಾಡಿಗೆ, ಊಟ ಮೂರಕ್ಕೂ ನಾನು ಹಣ ತೆಗೆದಿಟ್ಟಿದ್ದೇನೆ. ಅದರ ಚಿಂತೆ ನನಗೆ ಬಿಡು.

ಆರು ತಿಂಗಳು ಕಳೆದ ಮೇಲೆ ಅನುಮತಿ ಪಡೆದು ಕೆಲಸ ಮಾಡು, ನಾನು ಬೇಡ ಅನ್ನುವುದಿಲ್ಲ. ಆದರೆ ನಾಲಿಗೆ ತಿರುಗಲಿ ಅಂತ ಮಾಡು, ದುಡ್ಡು ಆಮೇಲಿನ ಮಾತು. ಹತ್ತು ವಾರಕ್ಕೆ 200 ಗಂಟೆ ಪಾಠ ಅಂದೆ. ಕ್ಲಾಸಿನಲ್ಲಿ ಟೀಚರ್ ನಿಮಗೋಸ್ಕರ ನಿಧಾನವಾಗಿ ಮಾತಾಡುತ್ತಾರೆ. ಮಾರ್ಕೆಟ್ಟಿನ ಅಜ್ಜಿ ಹಾಗೆ ಮಾತಾಡುತ್ತಾಳಾ? ಗಂಟೆ ಹೇಳಲು ಅಚ್ಚ ಕೊರಿಯನ್ ಸಂಖ್ಯೆ, ನಿಮಿಷಕ್ಕೆ ಚೀನಾ ಮೂಲದ ಸಂಖ್ಯೆ, ಎರಡೂ ಗೋಜಲಾಗುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೆ. ಅದು ಪುಸ್ತಕದಿಂದ ಬರುವುದಿಲ್ಲ. ಬಸ್ಸು ಕಾಯುತ್ತಾ, ತರಕಾರಿ ಕೊಳ್ಳುತ್ತಾ ಬರುತ್ತದೆ. ಉಳಿದದ್ದು ನಿನಗೆ ಅಷ್ಟು ಕಷ್ಟ ಅಲ್ಲ. ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ, ಎದುರಿಗಿರುವವರನ್ನು ನೋಡಿ ಮಾತಿನ ಬಾಲ ಬದಲಾಗುತ್ತದೆ. ದೊಡ್ಡವರಿಗೆ 'ಬನ್ನಿ', ತಮ್ಮನಿಗೆ 'ಬಾ' ಅನ್ನುವುದನ್ನು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ನಿನ್ನ ರೂಮ್‌ಮೇಟ್ ಆ ಜರ್ಮನ್ ಹುಡುಗಿಗೆ ಅದೇ ದೊಡ್ಡ ತಲೆನೋವು ಅಂದಿದ್ದೆಯಲ್ಲ.

ಅಂದಹಾಗೆ, ನೀನು ಬಿಟ್ಟುಹೋದ ಪುಸ್ತಕದಿಂದ ನಾನೂ ಅಕ್ಷರ ಕಲಿತಿದ್ದೇನೆ. 14 ವ್ಯಂಜನ, 10 ಸ್ವರ, ಮುಗಿಯಿತು. ಜನ ಸುಲಭವಾಗಿ ಓದಲಿ ಅಂತ ರಾಜ ಸೇಜೋಂಗ್ 1446ರಲ್ಲಿ ಈ ಲಿಪಿಯನ್ನು ಹೊರತಂದನಂತೆ. ಮಂಡಿಯ ಲೆಕ್ಕಿಗನಿಗೂ ಸುಲಭವೇ ಆಯಿತು. ಅರ್ಥ ಮಾತ್ರ ಒಂದೂ ಗೊತ್ತಾಗುವುದಿಲ್ಲ, ಓದುತ್ತೇನೆ ಅಷ್ಟೇ. ಅಮ್ಮ ನಗುತ್ತಾಳೆ.

ಹಾಜರಿ ಮಾತ್ರ ಕಡಿಮೆ ಮಾಡಿಕೊಳ್ಳಬೇಡ. ವೀಸಾ ಮುಂದುವರಿಸುವಾಗ ಅದನ್ನೂ ನೋಡುತ್ತಾರೆ. ಟೋಪಿಕ್ ಅನ್ನುವ ಕೊರಿಯನ್ ಭಾಷೆಯ ಪರೀಕ್ಷೆಯಲ್ಲಿ ಮೂರನೇ ಮಟ್ಟ ಮುಟ್ಟಿದ ಮೇಲೆ ಡಿಗ್ರಿಗೆ ಹಾಕುವ ಮಾತು ಆಡೋಣ. ಕೊನೆಯ ಆರನೇ ಮಟ್ಟದ ಕನಸು ಈಗಲೇ ಬೇಡ.

ಊಟದ ವಿಷಯಕ್ಕೆ ಅಮ್ಮನಿಗೆ ನಿದ್ದೆ ಇಲ್ಲ. ಅಲ್ಲಿನ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯೋ ಮೀನಿನ ಸಾರವೋ ಇರುತ್ತದೆ, ಸಾರಿನ ತಿಳಿಗೂ ಒಣಮೀನು ಹಾಕುವುದುಂಟು ಅಂತ ನೀನು ಹೇಳಿದಾಗಿನಿಂದ ಅವಳ ಗೋಳು ಜಾಸ್ತಿಯಾಗಿದೆ. ಮೊಟ್ಟೆಯೂ ಮಾಂಸವೂ ಇಲ್ಲದ ಬಿಬಿಂಬಾಪ್ ಅನ್ನುವ ತರಕಾರಿ ಕಲಸನ್ನ, ತೋಫು, ಮೊಳಕೆಕಾಳು ಇಷ್ಟು ಸಿಗುತ್ತದಲ್ಲ, ಹೊಟ್ಟೆ ತುಂಬ ತಿನ್ನು. ಬೌದ್ಧ ದೇವಾಲಯದ ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲವಂತೆ. ಒಂದು ಭಾನುವಾರ ಹೋಗಿ ಉಂಡು ಬಾ, ಅಮ್ಮನಿಗೆ ಫೋಟೋ ಕಳಿಸು. ಹೋಗುವುದಿದ್ದರೆ ಆ ಜರ್ಮನ್ ಹುಡುಗಿಯನ್ನೂ ಕರೆದುಕೊಂಡು ಹೋಗು, ಆದರೆ ದಾರಿ ಕೇಳುವುದು, ಟಿಕೆಟ್ ಮಾಡಿಸುವುದು ನೀನೇ ಮಾಡು.

ಚಟ್ನಿಪುಡಿ, ಮೆಣಸಿನಪುಡಿ, ಒಂದು ಕಂಬಳಿ ಪಾರ್ಸೆಲ್ ಮಾಡುತ್ತಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿ ದಾರಿಯಲ್ಲಿ ಸೋರುತ್ತದೆ ಅಂದರೆ ಅಮ್ಮ ಕೇಳುತ್ತಿಲ್ಲ, ನೀನೇ ಅವಳಿಗೆ ಹೇಳು. ನಿನ್ನ ವಿಳಾಸವನ್ನು ಕೊರಿಯನ್‌ನಲ್ಲೂ ಇಂಗ್ಲಿಷ್‌ನಲ್ಲೂ ಟೈಪ್ ಮಾಡಿ, ಐದಂಕಿಯ ಪಿನ್ ಕೋಡ್ ಸಹಿತ ಈ ವಾರದೊಳಗೆ ಕಳಿಸು.

ಇಂತಿ,
ನಿನ್ನ ಅಪ್ಪ