ಪೋಲೆಂಡಿನವರ ಮಾತನ್ನು ಅರ್ಧಕ್ಕೇ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಕೆಲವು ವಾರಗಳಿಂದ ಪೋಲೆಂಡಿನ ಹೆಸರು ಓಡಾಡುತ್ತಿದೆ. "ಕಮ್ಯುನಿಸಂ ಅಂದರೇನೆಂದು ಪೋಲೆಂಡಿನವರನ್ನು ಕೇಳಿ, ಅವರೇ ಹೇಳುತ್ತಾರೆ" ಎಂದು ಒಬ್ಬರು ಬರೆದರು. ಅದಕ್ಕೆ ಎದುರಾಗಿ ಇನ್ನೊಬ್ಬರು, ಅಲ್ಲಿಯ ಹಿರಿಯರು ಇವತ್ತಿಗೂ 1989ರವರೆಗಿನ ಕಮ್ಯುನಿಸ್ಟ್ ಆಡಳಿತದ ಹಳೆಯ ಕಾಲವೇ ವಾಸಿ ಅನ್ನುತ್ತಾರೆ ಎಂದು ವಾದಿಸಿದರು. ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಇಬ್ಬರೂ ಆ ಜನರ ಮಾತನ್ನು ಅರ್ಧಕ್ಕೇ ಕತ್ತರಿಸಿ ತಮಗೆ ಬೇಕಾದ ತುಂಡನ್ನಷ್ಟೇ ಇಟ್ಟುಕೊಂಡಿದ್ದಾರೆ. ಅದನ್ನು ಓದಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನಾನು ಶನಿವಾರಸಂತೆ ಕಡೆಯ ಸಣ್ಣ ಕಾಫಿ ಬೆಳೆಗಾರ್ತಿ. ಮಗಳು, ಅಳಿಯ ಪೋಲೆಂಡಿನ ವ್ರೋತ್ಸ್ವಾಫ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಹೋದವಳು ಆ ಚಳಿಗಾಲವನ್ನೆಲ್ಲ ಅಲ್ಲೇ ಕಳೆದೆ. ಎದುರು ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ರೈಲು ಬೋಗಿ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ಮಗಳು ಪೋಲಿಷ್ ಕಲಿತಿದ್ದಾಳೆ, ಮಾತು ದಾಟಿಸಲು ಅವಳೇ ಇದ್ದಳು. ನನ್ನ ಯಜಮಾನರು ರಾಜದೂತ್ ಬೈಕಿನ ಮೇಲೆ ಕುಳಿತಿರುವ ಹಳೆಯ ಫೋಟೊ ಒಂದು ಮಗಳ ಮನೆಯ ಗೋಡೆಯಲ್ಲಿದೆ. ಅದನ್ನು ನೋಡಿದವರೇ ಅಜ್ಜಿ, "ಇದು ನಮ್ಮ ಎಸ್‌ಎಚ್‌ಎಲ್ ಅಲ್ಲವೇ?" ಅಂದರು. ನಿಜ. 1960ರ ದಶಕದಲ್ಲಿ ಎಸ್ಕಾರ್ಟ್ಸ್ ಕಂಪನಿ ರಾಜದೂತ್ ತಯಾರಿಸಿದ್ದೇ ಪೋಲೆಂಡಿನ ಎಸ್‌ಎಚ್‌ಎಲ್ ಎಂ11 ಬೈಕಿನ ವಿನ್ಯಾಸದಲ್ಲಿ. ಮೂಟೆ ಹೇರಿಕೊಂಡು ನಮ್ಮ ಏರು ದಾರಿಗಳಲ್ಲಿ ಓಡಿದ ಬೈಕು ಅವರ ಊರಿನ ಸಂಬಂಧಿಯಾಗಿತ್ತು! ಅಲ್ಲಿಂದ ಮಾತು ಬೆಳೆಯಿತು.

ಅಜ್ಜಿಯ ನೆನಪೆಲ್ಲ ಹೆಚ್ಚಾಗಿ ಕ್ಯೂಗಳದ್ದು. 1976ರಲ್ಲಿ ಸಕ್ಕರೆಗೆ ರೇಷನ್ ಕಾರ್ಡ್ ಬಂತು, 1981ರಲ್ಲಿ ಮಾಂಸಕ್ಕೂ ಬಂತು. ಅವರ ಪಾಲಿಗೆ ತಿಂಗಳಿಗೆ 2.5 ಕೆ.ಜಿ. ಮಾಂಸ. ಕಾರ್ಡ್ ಕೈಯಲ್ಲಿದ್ದರೂ ಅಂಗಡಿಯಲ್ಲಿ ಮಾಲು ಇರಬೇಕಲ್ಲ? ಕಪಾಟಿನಲ್ಲಿ ವಿನೆಗರ್ ಬಾಟಲಿ ಬಿಟ್ಟರೆ ಬೇರೇನೂ ಇಲ್ಲದ ದಿನಗಳನ್ನು ಆ ವಯಸ್ಸಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಫ್ರಿಜ್, ಸೋಫಾ ಬೇಕೆಂದರೆ ಕ್ಯೂನಲ್ಲಿ ನಿಂತವರೇ ಸಮಿತಿ ಮಾಡಿಕೊಂಡು ಹೆಸರಿನ ಪಟ್ಟಿ ಇಡುತ್ತಿದ್ದರಂತೆ. ಹೊತ್ತುಹೊತ್ತಿಗೆ ಹಾಜರಿ, ತಪ್ಪಿದರೆ ಹೆಸರು ಹೊಡೆದುಹಾಕುವುದು. ದುಡಿಯುವ ಗಂಡಸು ಕಾರ್ಖಾನೆಯಲ್ಲಿ, ದುಡಿಯುವ ಹೆಂಗಸು ಕಾರ್ಖಾನೆಯಲ್ಲೂ ಕ್ಯೂನಲ್ಲೂ. ಈ ಲೆಕ್ಕವನ್ನು ಅಜ್ಜಿ ಬಹಳ ಸಿಟ್ಟಿನಿಂದ ಹೇಳಿದರು.

1981ರ ಡಿಸೆಂಬರ್ 13 ಭಾನುವಾರ. ಅವರ ಮಗಳು ಬೆಳಿಗ್ಗೆ ಎದ್ದು ಮಕ್ಕಳ ಕಾರ್ಯಕ್ರಮ ನೋಡಲು ಟಿ.ವಿ. ಹಾಕಿದರೆ ಕಾರ್ಯಕ್ರಮವೇ ಇಲ್ಲ. ಸಮವಸ್ತ್ರ ತೊಟ್ಟ, ಆಗ ಪಕ್ಷದ ಮುಖ್ಯಸ್ಥರೂ ಪ್ರಧಾನಿಯೂ ಆಗಿದ್ದ ಜನರಲ್ ಯಾರುಜೆಲ್‌ಸ್ಕಿ ಸೇನಾ ಆಡಳಿತ ಘೋಷಿಸುತ್ತಿದ್ದರು. ಫೋನುಗಳು ಸತ್ತುಹೋದವು. ಆಮೇಲೆ ಫೋನು ಬಂದಾಗ, ಎತ್ತಿದ ಕೂಡಲೇ "ಸಂಭಾಷಣೆ ನಿಗಾದಲ್ಲಿದೆ" ಎಂಬ ಧ್ವನಿ. ಮೂರು ದಿನ ಕಳೆದು ವೂಯೆಕ್ ಗಣಿಯಲ್ಲಿ ಮುಷ್ಕರ ನಿರತ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು, 9 ಮಂದಿ ಸತ್ತರು. ಅದಕ್ಕೂ ಮೊದಲು 1970ರ ಡಿಸೆಂಬರಿನಲ್ಲಿ ಆಹಾರದ ಬೆಲೆ ಏರಿಸಿದ್ದನ್ನು ಪ್ರತಿಭಟಿಸಿದ ಗ್ಡಾನ್ಸ್ಕ್, ಗ್ಡಿನಿಯ, ಶ್ಚೆಚಿನ್ ಮೊದಲಾದ ಬಂದರು ನಗರಗಳ ಕಾರ್ಮಿಕರಲ್ಲಿ 40ಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾಗಿದ್ದರು. ಕಾರ್ಮಿಕರ ಹೆಸರಿನ ಪಕ್ಷ ಕಾರ್ಮಿಕರ ಮೇಲೆ ಗುಂಡು ಹಾರಿಸಿತು. ಇದನ್ನು ಅಜ್ಜಿ ಕ್ಷಮಿಸಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಅದೇ ಅಜ್ಜಿ ನನ್ನ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೊಂದು ಮಾತನ್ನೂ ಹೇಳಿದರು. ಅವರು ಹೆತ್ತಾಗ ಕಾರ್ಖಾನೆಯದ್ದೇ ಶಿಶುವಿಹಾರ ಇತ್ತು. ಬೇಸಿಗೆಗೆ ಸಂಸ್ಥೆಯ ಕಡೆಯಿಂದಲೇ ಬಾಲ್ಟಿಕ್ ಕಡಲಿನ ದಡದಲ್ಲಿ ಎರಡು ವಾರದ ರಜೆ. ಪಕ್ಷದ ನಾಯಕ ಗಿಯೆರೆಕ್ ಅಧಿಕಾರದಲ್ಲಿದ್ದ ಎಪ್ಪತ್ತರ ದಶಕದಲ್ಲಿ ಮನೆ, ಮದುವೆ, ಪುಟ್ಟ ಫಿಯಟ್ ಕಾರಿನ ಆಸೆ, ಎಲ್ಲವೂ ಕೈಗೆ ಎಟುಕುವಂತೆ ಕಂಡವಂತೆ. (ಆ ಚೆಂದವೆಲ್ಲ ಪಶ್ಚಿಮದ ಬ್ಯಾಂಕುಗಳಿಂದ ತಂದ ಸಾಲದ್ದು, ದಶಕ ಮುಗಿಯುವಷ್ಟರಲ್ಲಿ ಸಾಲ 20 ಬಿಲಿಯನ್ ಡಾಲರ್ ದಾಟಿತ್ತು.) ಈಗ ಮೊಮ್ಮಕ್ಕಳಿಗೆ ಬಾಡಿಗೆ ಕಟ್ಟಿ ಮುಗಿಸುವುದೇ ಕಷ್ಟ, ಮಗು ಬೇಕೋ ಬೇಡವೋ ಎಂದು ಯೋಚಿಸುತ್ತಾರೆ ಅಂದರು.

ಹಾಗಾದರೆ ಅಜ್ಜಿ ಯಾವ ಪಕ್ಷ? ನಮ್ಮ ಪತ್ರಲೇಖಕರಿಗೆ ಬೇಕಾಗಿರುವುದು ಈ ಪ್ರಶ್ನೆಗೆ ಉತ್ತರ. ನಾನು ಹೇಳುವುದು, ಪ್ರಶ್ನೆಯೇ ತಪ್ಪು. ಅದಕ್ಕೆ ಸಾಕ್ಷಿ ಗ್ಡಾನ್ಸ್ಕ್‌ನಲ್ಲಿದೆ. 1980ರ ಆಗಸ್ಟಿನಲ್ಲಿ ಅಲ್ಲಿಯ ಲೆನಿನ್ ಹಡಗುಕಟ್ಟೆಯಲ್ಲಿ ಆನ್ನಾ ವಾಲೆಂಟಿನೋವಿಚ್ ಎಂಬ ಕ್ರೇನ್ ಚಾಲಕಿಯನ್ನು, ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಕೆಲಸದಿಂದ ತೆಗೆದರು. ಆಕೆಯನ್ನು ವಾಪಸ್ ತೆಗೆದುಕೊಳ್ಳಿ ಎಂದು ಶುರುವಾದ ಮುಷ್ಕರವೇ ಲೆಖ್ ವಲೇಸಾ ಮುಂದಾಳಾಗಿದ್ದ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆಗೆ ಜನ್ಮ ಕೊಟ್ಟಿತು. ಸುಮಾರು ಮೂರೂವರೆ ಕೋಟಿ ಜನರ ದೇಶದಲ್ಲಿ ಒಂದು ಕೋಟಿಯ ಹತ್ತಿರ ಸದಸ್ಯರು! ಮುಷ್ಕರದವರು ತಮ್ಮ 21 ಬೇಡಿಕೆಗಳನ್ನು ಮರದ ಹಲಗೆಯ ಮೇಲೆ ಬರೆದು ಗೇಟಿಗೆ ನೇತುಹಾಕಿದ್ದರು. ಆ ಹಲಗೆಗಳು ಇಂದು ಯುನೆಸ್ಕೊ ಪಟ್ಟಿಯಲ್ಲಿವೆ. ಮೊದಲಿಗೆ ಸ್ವತಂತ್ರ ಕಾರ್ಮಿಕ ಸಂಘ, ಮುಷ್ಕರದ ಹಕ್ಕು, ಮಾತಿನ ಮತ್ತು ಮುದ್ರಣದ ಸ್ವಾತಂತ್ರ್ಯ. ಕೆಳಗೆ ಇಳಿಯುತ್ತ ಹೋದರೆ? ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರಗಳಲ್ಲಿ ಸಾಕಷ್ಟು ಜಾಗ, ಮೂರು ವರ್ಷ ಸಂಬಳ ಸಹಿತ ಹೆರಿಗೆ ರಜೆ, ಮನೆಗಾಗಿ ಕಾಯುವ ಅವಧಿ ಕಡಿಮೆ ಮಾಡುವುದು, ಬೇಗ ನಿವೃತ್ತಿ.

ಸಂಪಾದಕರೇ, ಈ ಪಟ್ಟಿಯನ್ನು ಪತ್ರ ಬರೆದ ಇಬ್ಬರೂ ಓದಬೇಕು. ಕಮ್ಯುನಿಸಂ ಅನ್ನು ಅಲುಗಾಡಿಸಿದ ಜನ ಶಿಶುವಿಹಾರ ಮುಚ್ಚಿ ಎಂದು ಕೇಳಿರಲಿಲ್ಲ. ಮಾತಾಡುವ ಹಕ್ಕನ್ನೂ ಮಗುವಿನ ತೊಟ್ಟಿಲನ್ನೂ ಒಂದೇ ಹಲಗೆಯ ಮೇಲೆ ಕೇಳಿದ್ದರು. 1989ರ ಜೂನ್ 4ರ ಚುನಾವಣೆಯಲ್ಲಿ ಸಾಲಿಡಾರಿಟಿ ಗೆದ್ದು ಮೊದಲನೆಯದು ಸಿಕ್ಕಿತು. ಎರಡನೆಯದರಲ್ಲಿ ಬಹುಪಾಲು ನಂತರದ ವರ್ಷಗಳಲ್ಲಿ ಕೈಬಿಟ್ಟುಹೋಯಿತು.

1990ರ ಜನವರಿ 1ರಿಂದ ಹಣಕಾಸು ಸಚಿವ ಬಾಲ್ಟ್ಸೆರೋವಿಚ್ ಹೆಸರಿನ ಮಾರುಕಟ್ಟೆ ಸುಧಾರಣೆಯ ಯೋಜನೆ ಜಾರಿಗೆ ಬಂತು. ಆ ವರ್ಷದ ಬೆಲೆ ಏರಿಕೆ ಶೇ 500 ದಾಟಿತ್ತು, ಕೂಡಿಟ್ಟ ಹಣ ಕರಗಿತು. ಅಂಗಡಿಗಳು ತುಂಬಿದವು, ಕಾರ್ಖಾನೆಗಳು ಖಾಲಿಯಾದವು. ಅಜ್ಜಿಯ ತಮ್ಮ ಉತ್ತರದ ಒಂದು ಸರ್ಕಾರಿ ಕೃಷಿ ಕ್ಷೇತ್ರದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಅಂಥ ಕ್ಷೇತ್ರಗಳನ್ನೆಲ್ಲ 1991ರ ಕಾನೂನಿನಂತೆ ಮುಚ್ಚಿದರು. ಸಂಬಳ, ಕ್ಯಾಂಟೀನು, ಮಕ್ಕಳ ಶಾಲೆ ಎಲ್ಲವೂ ಅದರ ಸುತ್ತಲೇ ಇದ್ದ ಊರು ಅದು. ಆಮೇಲೆ ಬಸ್ಸೂ ನಿಂತುಹೋಯಿತಂತೆ. ಹೊಲದ ನಡುವೆ ನಾಲ್ಕು ಅಂತಸ್ತಿನ ಕಟ್ಟಡಗಳು, ಒಳಗೆ ಕೆಲಸವಿಲ್ಲದ ಜನ. 2002–03ರ ಸುಮಾರಿಗೆ ಇಡೀ ದೇಶದಲ್ಲೇ ನಿರುದ್ಯೋಗ ಶೇ 20ರ ಹತ್ತಿರ ಹೋಗಿತ್ತು. ಆ ತಮ್ಮ ಇವತ್ತಿಗೂ ಆ ಕಾಲವೇ ಚೆನ್ನಾಗಿತ್ತು ಅನ್ನುತ್ತಾರೆ. ಅಕ್ಕ ಒಪ್ಪುವುದಿಲ್ಲ. ಕ್ರಿಸ್‌ಮಸ್ ಊಟಕ್ಕೆ ಸೇರಿದಾಗಲೆಲ್ಲ ಜಗಳ. ಒಂದೇ ತಾಯಿಯ ಮಕ್ಕಳಲ್ಲೇ ಹೀಗಿರುವಾಗ "ಪೋಲೆಂಡಿನವರು ಹೀಗನ್ನುತ್ತಾರೆ" ಎಂದು ಇಲ್ಲಿಂದ ತೀರ್ಪು ಕೊಡುವುದು ಹೇಗೆ?

ಅಂಕಿ ಅಂಶ ಬೇಕೆನ್ನುವವರಿಗೆ: 2019ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ ಪೋಲೆಂಡಿನ ಶೇ 85ರಷ್ಟು ಜನ ಬಹುಪಕ್ಷ ವ್ಯವಸ್ಥೆಗೂ ಮಾರುಕಟ್ಟೆ ಆರ್ಥಿಕತೆಗೂ ಬದಲಾದದ್ದನ್ನು ಒಪ್ಪಿದ್ದಾರೆ. ಹಿಂದೆ ಕಮ್ಯುನಿಸ್ಟ್ ಆಡಳಿತವಿದ್ದ ಪೂರ್ವ ಯುರೋಪಿನಲ್ಲಿ ಇದು ತುಂಬ ದೊಡ್ಡ ಪ್ರಮಾಣ. ಆ ತಮ್ಮನಂಥವರಲ್ಲೂ ಎಷ್ಟೋ ಜನ ಆ 85ರಲ್ಲಿ ಇದ್ದಾರು. ಬದಲಾವಣೆ ಬೇಕಿತ್ತು ಅನ್ನುವುದು ಬೇರೆ, ಬದಲಾವಣೆಯ ಬೆಲೆಯನ್ನು ನನ್ನಿಂದಲೇ ಏಕೆ ವಸೂಲು ಮಾಡಿದಿರಿ ಎಂದು ಕೇಳುವುದು ಬೇರೆ.

ಇದು ಕೊಡಗಿನವರಿಗೆ ಅರ್ಥವಾಗದ ಮಾತಲ್ಲ. 1942ರ ಕಾಫಿ ಕಾಯಿದೆಯಡಿ ನಮ್ಮ ತೋಟದ ಕಾಫಿಯನ್ನು ನಾವೇ ಮಾರುವಂತಿರಲಿಲ್ಲ. ಮನೆ ಖರ್ಚಿಗೆ, ಬೀಜಕ್ಕೆ ಬಿಟ್ಟು ಉಳಿದದ್ದೆಲ್ಲ, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ. ಹಣ ಕಂತು ಕಂತಾಗಿ, ಒಂದು ವರ್ಷದ ಬೆಳೆಯದ್ದು ಮುಂದಿನ ವರ್ಷಗಳಿಗೂ ಎಳೆದುಕೊಂಡು ಬರುತ್ತಿತ್ತು. ನಮ್ಮ ಮಾವನವರು ಪೂಲನ್ನು ಬೈಯದ ದಿನವಿಲ್ಲ. 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟ ಬಂದಾಗ ಊರಿಗೇ ಸಂಭ್ರಮ. 2001–02ರಲ್ಲಿ ಜಾಗತಿಕ ಬೆಲೆ ನೆಲಕಚ್ಚಿದಾಗ ಅದೇ ಊರಿನ ಜಗಲಿಗಳಲ್ಲಿ "ಪೂಲ್ ಇದ್ದಾಗ ಹೀಗಾಗುತ್ತಿರಲಿಲ್ಲ" ಎಂಬ ಮಾತು ಕೇಳಿದೆ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ಪೂಲ್ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಜನ ಸುಳ್ಳುಗಾರರಲ್ಲ. ಕೈಯಲ್ಲಿ ಏನಿದೆ, ಏನಿಲ್ಲ ಎಂಬುದರ ಮೇಲೆ ನೆನಪು ಮಾತಾಡುತ್ತದೆ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಪೂಲ್ ಕಾಲದಲ್ಲಿ ನಾವು ಮಂಡಳಿಯನ್ನು ಬಹಿರಂಗವಾಗಿ ಬೈಯಬಹುದಿತ್ತು, ಸರ್ಕಾರವನ್ನು ವೋಟಿನಿಂದ ಇಳಿಸಬಹುದಿತ್ತು. ಅಲ್ಲಿ ವಾರ್ಸಾದ ಮಿಶಾ ಬೀದಿಯ ಸೆನ್ಸಾರ್ ಕಚೇರಿ ದಾಟದೆ ಪತ್ರಿಕೆಯಲ್ಲಿ ಒಂದು ಸಾಲೂ ಅಚ್ಚಾಗುತ್ತಿರಲಿಲ್ಲ. ನಾನು ಬರೆಯುತ್ತಿರುವ ಇಂಥ ಪತ್ರವನ್ನು ಅಜ್ಜಿ ಬರೆಯುವಂತಿರಲಿಲ್ಲ. ಪಾಸ್‌ಪೋರ್ಟ್ ಪೊಲೀಸರ ಬಳಿ ಇರುತ್ತಿತ್ತು. ಪ್ರಯಾಣ ಮುಗಿಸಿ ಬಂದವರು ಅದನ್ನು ಮರಳಿಸಬೇಕಿತ್ತು. ಈಗ ಅವರ ಮೊಮ್ಮಗಳು ಗುರುತಿನ ಚೀಟಿ ಹಿಡಿದು ವಾರಾಂತ್ಯಕ್ಕೆ ಬರ್ಲಿನ್‌ಗೆ ಹೋಗಿ ಬರುತ್ತಾಳೆ. ನಮ್ಮ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದಾಗ ಅದರಲ್ಲಿ ಪೋಲೆಂಡಿನ ಪ್ರತಿನಿಧಿಯೂ ಇದ್ದರು. ಅಲ್ಲಿ ಕೇಳಿದ್ದು ವಾರ್ಸಾದ ಸರ್ಕಾರದ ಮಾತು, ಬೋಗಿ ಕಾರ್ಖಾನೆಯವರದ್ದಲ್ಲ. ಈಗಲಾದರೂ ಆ ಜನರೇ ಬಾಯಿಬಿಟ್ಟು ಹೇಳುತ್ತಿರುವಾಗ ನಾವು ಪೂರ್ತಿ ಕೇಳಿಸಿಕೊಳ್ಳಬೇಡವೇ?

ಎಲ್ಲವೂ ಒಳ್ಳೆಯ ದಿಕ್ಕಿಗೇ ಸಾಗಿದೆ ಅಂತಲೂ ಅಲ್ಲ. ಗರ್ಭಪಾತಕ್ಕೆ 1956ರ ಕಾನೂನು ಅವಕಾಶ ಕೊಟ್ಟಿತ್ತು. 1993ರಲ್ಲಿ ಅದನ್ನು ಬಹಳ ಬಿಗಿ ಮಾಡಿದರು, 2020ರ ಅಕ್ಟೋಬರಿನ ಸಾಂವಿಧಾನಿಕ ನ್ಯಾಯಮಂಡಳಿಯ ತೀರ್ಪಿನಿಂದ ಉಳಿದದ್ದರಲ್ಲೂ ಬಹುಪಾಲು ಹೋಯಿತು. ಆಗ ಲಕ್ಷಾಂತರ ಹೆಂಗಸರು ಬೀದಿಗಿಳಿದರು, ಅಜ್ಜಿಯ ಮೊಮ್ಮಗಳೂ ಹೋಗಿದ್ದಳು. ಬೀದಿಗಿಳಿಯುವ ಹಕ್ಕು ಅಮ್ಮಮ್ಮ ಗಳಿಸಿಕೊಟ್ಟದ್ದು, ಅಮ್ಮಮ್ಮನಿಗೆ ಇದ್ದ ಹಕ್ಕು ಮೊಮ್ಮಗಳಿಗಿಲ್ಲ. ಇದನ್ನು ಯಾವ ಪಕ್ಷದ ಖಾತೆಗೆ ಬರೆಯುತ್ತೀರಿ? ನಮ್ಮ ಪತ್ರಲೇಖಕರಲ್ಲಿ ಒಬ್ಬರೂ ಈ ವಿಷಯ ಎತ್ತಲಿಲ್ಲ, ಹೆಂಗಸಾಗಿ ನನಗೆ ಅದು ನೋವು ತಂದಿತು.

ನನ್ನದು ಎರಡು ವಿನಂತಿ. ದೂರದ ದೇಶದ ಜನಾಭಿಪ್ರಾಯದ ಸುದ್ದಿ ಹಾಕುವಾಗ ಯಾರನ್ನು ಕೇಳಿದ್ದು, ಅವರು ಎಷ್ಟು ವಯಸ್ಸಿನವರು, ಪಟ್ಟಣದವರೋ ಮುಚ್ಚಿದ ಕೃಷಿ ಕ್ಷೇತ್ರದ ಹಳ್ಳಿಯವರೋ ಎಂಬುದನ್ನೂ ಹಾಕಿ. ಎರಡನೆಯದು, ಪೋಲೆಂಡಿನಲ್ಲಿ ಆ ಕಾಲದ ಗುಪ್ತ ಪೊಲೀಸ್ ಕಡತಗಳನ್ನು ಕಾಯ್ದಿಡಲು ರಾಷ್ಟ್ರೀಯ ಸ್ಮೃತಿ ಸಂಸ್ಥೆಯೇ ಇದೆ, ಜನ ತಮ್ಮ ಕಡತವನ್ನು ಕೇಳಿ ಓದಬಹುದು. ನಮ್ಮ ಪೂಲ್ ಕಾಲದ ಸಣ್ಣ ಬೆಳೆಗಾರರ, ತೋಟದ ಕಾರ್ಮಿಕರ ಅನುಭವವನ್ನು ಮಾತ್ರ ಊರಿನಲ್ಲಿ ಯಾರೂ ಬರೆದಿಟ್ಟಂತಿಲ್ಲ. ಮಳೆಗಾಲದಲ್ಲಿ ವಾರಕ್ಕೊಂದು ಅಂಕಣ ಮೀಸಲಿಟ್ಟು ಎಪ್ಪತ್ತೈದು ದಾಟಿದವರನ್ನು ಮಾತಾಡಿಸಿ. ಬೈದವರನ್ನೂ ಹೊಗಳಿದವರನ್ನೂ, ಮುಖ್ಯವಾಗಿ ಎರಡನ್ನೂ ಮಾಡಿದವರನ್ನು. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಮನೆಗಳಿಗೆ ನಿಮ್ಮ ವರದಿಗಾರರನ್ನು ಕರೆದೊಯ್ಯಲು ನಾನು ಸಿದ್ಧಳಿದ್ದೇನೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಬಂದರೆ ಎಲ್ಲರೂ ಮನೆಯಲ್ಲಿ ಸಿಗುತ್ತಾರೆ.

– ಒಬ್ಬ ಕಾಫಿ ಬೆಳೆಗಾರ್ತಿ, ಶನಿವಾರಸಂತೆ, ಕೊಡಗು