ಸ್ಟೀರಾಯ್ಡ್ ಕೊಡುವ ಮೊದಲು ಸ್ವಲ್ಪ ರಕ್ತ ತೆಗೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಿಂದ ನಮಸ್ಕಾರ.

ನಮ್ಮ ಅವ್ವನಿಗೆ ಹದಿನಾಲ್ಕು ವರ್ಷದಿಂದ ಅಸ್ತಮಾ. ಮನೆ ಹಿಂದೆಯೇ ಆಲೆಮನೆ. ಕಬ್ಬು ಅರೆಯಲು ಶುರುವಾದರೆ ಹೊಗೆ ನೇರ ಅಡುಗೆಮನೆಗೆ ಬರುತ್ತದೆ. ಎರಡು ಹೊತ್ತೂ ಬಾಯಿಗೆ ಹಿಡಿದು ಔಷಧಿ ಎಳೆದುಕೊಳ್ಳುವ ಪಂಪು (ಇನ್ಹೇಲರ್) ತಪ್ಪಿಸುವುದಿಲ್ಲ. ಆದರೂ ವರ್ಷಕ್ಕೆ ಮೂರ್ನಾಲ್ಕು ಸಲ ಉಬ್ಬಸ ಕೈಮೀರುತ್ತದೆ. ರಾತ್ರೋರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಓಡುತ್ತೇವೆ. ನೆಬುಲೈಸರ್ ಹಾಕುತ್ತಾರೆ, ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಮನೆಗೆ ಬರುವಾಗ ಒಂದು ವಾರದ ಮಾತ್ರೆ. ಅವ್ವನ ಜೀವ ಉಳಿದಿರುವುದು ಇದರಿಂದಲೇ. ಆದರೆ ತಗೊಂಡು ತಗೊಂಡು ಸಕ್ಕರೆ ಕಾಯಿಲೆ ಬಂತು, ಕಣ್ಣಿಗೆ ಪೊರೆಯೂ ಬಂತು.

ಹೋದ ವರ್ಷ ಮೈಸೂರಿನ ಎದೆರೋಗದ ಡಾಕ್ಟರೊಬ್ಬರು ಬಯೋಲಾಜಿಕ್ ಇಂಜೆಕ್ಷನ್, ಅಂದರೆ ಜೀವಕೋಶಗಳಿಂದ ತಯಾರಿಸುವ ಔಷಧಿಯ ವಿಷಯ ಹೇಳಿದರು. ಮೆಪೊಲಿಜುಮಾಬ್, ಬೆನ್ರಾಲಿಜುಮಾಬ್ ಅಂತ ಹೆಸರು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ ಇರುವವರಿಗೆ ಇವು ಚೆನ್ನಾಗಿ ಹಿಡಿಯುತ್ತವಂತೆ. ಅವ್ವನ ರಿಪೋರ್ಟುಗಳನ್ನು ಹರಡಿದೆವು. ಎಲ್ಲದರಲ್ಲೂ ಇಯೊಸಿನೊಫಿಲ್ ಸೊನ್ನೆ, ಇಲ್ಲವೇ ಒಂದು ಪರ್ಸೆಂಟ್. ಡಾಕ್ಟರು ತಾರೀಖು ನೋಡಿದರು. ಎಲ್ಲವೂ ಅಡ್ಮಿಟ್ ಆದ ಮೇಲೆ, ಸ್ಟೀರಾಯ್ಡ್ ಒಳಗೆ ಹೋದ ಮೇಲೆ ತೆಗೆದ ರಕ್ತ. ಸ್ಟೀರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಈ ಕಣಗಳು ರಕ್ತದಿಂದ ಮಾಯವಾಗುತ್ತವೆ. "ಹಳೇದು ಯಾವುದಾದರೂ ಇದೆಯಾ ಹುಡುಕಮ್ಮ" ಅಂದರು.

ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತು. ಯಾವಾಗಲೋ ಜ್ವರಕ್ಕೆ ಮಾಡಿಸಿದ್ದು. ಒಟ್ಟು ಬಿಳಿ ರಕ್ತಕಣ 7,800, ಇಯೊಸಿನೊಫಿಲ್ 9 ಪರ್ಸೆಂಟ್. ಗುಣಿಸಿದರೆ ಮೈಕ್ರೋಲೀಟರಿಗೆ ಸುಮಾರು 700. ಅಷ್ಟು ವರ್ಷ ಆ ಲೆಕ್ಕ ಯಾರೂ ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

ಸಚಿವರೇ, ಈ ಸಂಖ್ಯೆಗೆ ಎಷ್ಟು ಬೆಲೆ ಇದೆ ಅನ್ನುವುದು ಮೆಪೊಲಿಜುಮಾಬ್‌ನ ಕಥೆಯಲ್ಲೇ ಇದೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಯೊಸಿನೊಫಿಲ್ ನೋಡಿ ಆರಿಸದೆ ಅಸ್ತಮಾ ಇದ್ದವರಿಗೆ ಕೊಟ್ಟರು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2009ರಲ್ಲಿ, ಕಫದಲ್ಲಿ ಇಯೊಸಿನೊಫಿಲ್ ಜಾಸ್ತಿ ಇದ್ದವರನ್ನೇ ಆರಿಸಿ ಕೊಟ್ಟಾಗ ಉಬ್ಬಸದ ದಾಳಿ ಕಡಿಮೆಯಾಯಿತು. 2014ರ ದೊಡ್ಡ ಅಧ್ಯಯನ ರಕ್ತದ ಎಣಿಕೆಯನ್ನೇ ಹಿಡಿಯಿತು: ಸೇರುವಾಗ ಮೈಕ್ರೋಲೀಟರಿಗೆ ಕನಿಷ್ಠ 150, ಅಥವಾ ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 300 ಇರಬೇಕು. ಅವರಲ್ಲಿ ದಾಳಿಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಅದೇ ಔಷಧಿ, ಆರಿಸಿದ ಜನ ಬೇರೆ. ಹಿಂದಿನ ವರ್ಷದ ರಿಪೋರ್ಟನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ, ಗಮನಿಸಿ. ಬರೆದಿಟ್ಟಿದ್ದರೆ ತಾನೇ ಅದು ಸಿಗುವುದು?

ಇದಕ್ಕೆ ಹೊಸ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ದಿನಾ ಮಾಡುವ, ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆ ಸಾಕು. ಉಬ್ಬಸ ಅಂತ ಬಂದವರಿಗೆ ಹೇಗೂ ಸೂಜಿ ಚುಚ್ಚುತ್ತಾರೆ. ಸ್ಟೀರಾಯ್ಡ್ ಕೊಡುವ ಮುಂಚೆ ಅದೇ ಸೂಜಿಯಲ್ಲಿ ಒಂದು ಟ್ಯೂಬ್ ರಕ್ತ ತೆಗೆಯಲಿ. ಔಷಧಿ ಒಂದು ನಿಮಿಷವೂ ತಡವಾಗಬಾರದು, ರಿಪೋರ್ಟ್ ಆಮೇಲೆ ಬರಲಿ. ಪರ್ಸೆಂಟ್ ಮಾತ್ರ ಸಾಲದು, ಗುಣಿಸಿದ ಎಣಿಕೆಯನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಲಿ. ದಯವಿಟ್ಟು ಹೀಗೊಂದು ಸುತ್ತೋಲೆ ಹೊರಡಿಸಿ.

ಎಣಿಕೆ ಒಂದನ್ನೇ ನಂಬಿ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಕಡೆ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರೇ ಜಾಸ್ತಿ. ಕೊಕ್ಕೆ ಹುಳ ಇದ್ದರೂ ಇಯೊಸಿನೊಫಿಲ್ ಏರುತ್ತದೆ. ಅವ್ವನಿಗೂ ಮೊದಲು ಮಲ ಪರೀಕ್ಷೆ ಮಾಡಿಸಿ, ಹುಳದ ಮಾತ್ರೆ ಕೊಟ್ಟು, ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿದರು. ಆಗಲೂ 600ರ ಮೇಲಿತ್ತು.

ಅಲ್ಲಿಗೆ ನಿಂತಿದ್ದೇವೆ. ಬಯೋಲಾಜಿಕ್ ಇಂಜೆಕ್ಷನ್ನಿನ ಒಂದೊಂದು ಡೋಸಿಗೂ ಹತ್ತಾರು ಸಾವಿರ ರೂಪಾಯಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಮ್ಮಂಥ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಅದು ಮುಖ್ಯವಾಗಿ ಅಡ್ಮಿಟ್ ಆದವರಿಗೆ. ಈ ಇಂಜೆಕ್ಷನ್ ಹಾಕಿಸಿಕೊಂಡು ಅವತ್ತೇ ಮನೆಗೆ ಬರುವಂಥದ್ದು. ಎಣಿಕೆ ಜಾಸ್ತಿ ಇದ್ದು, ಪಂಪು ಸರಿಯಾಗಿ ತಗೊಂಡೂ ಮೇಲಿಂದ ಮೇಲೆ ದಾಳಿ ಆಗುವವರಿಗಾದರೂ ಇದನ್ನು ಯೋಜನೆಗೆ ಸೇರಿಸಿ. ನಾಲ್ಕು ತಿಂಗಳು ಕೊಟ್ಟು ನೋಡಲಿ. ಗುಣ ಕಾಣದಿದ್ದರೆ ನಿಲ್ಲಿಸಲಿ, ನಾವು ಜಗಳ ಮಾಡುವುದಿಲ್ಲ.

ಅವ್ವನ ಹಳೆಯ ರಿಪೋರ್ಟಿನ ನಕಲನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. 9 ಪರ್ಸೆಂಟ್ ಇರುವ ಸಾಲಿಗೆ ಗೆರೆ ಹಾಕಿದ್ದೇನೆ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಮಗಳು