ಪದ್ಯ ಓದದವರಿಗೂ ಇಂಗ್ಲಿಷ್ ಎಂ.ಎ.

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ಎಂ.ಎ. ಪ್ರವೇಶದ ಸಿಯುಇಟಿ-ಪಿಜಿಗೆ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಮೊನ್ನೆ ತನ್ನ ನೋಟ್‌ಬುಕ್ ತಂದು ತೋರಿಸಿದಳು. ಇನ್ನೂರು ಪುಟ, ಉದ್ದಕ್ಕೂ ಇಸವಿಗಳು. 1798 ಲಿರಿಕಲ್ ಬ್ಯಾಲಡ್ಸ್, 1922 ಎಲಿಯಟ್‌ನ ದೀರ್ಘ ಕವಿತೆ ದಿ ವೇಸ್ಟ್ ಲ್ಯಾಂಡ್, ಅದೇ ವರ್ಷ ಜಾಯ್ಸ್‌ನ ಕಾದಂಬರಿ ಯುಲಿಸಿಸ್. ಅಕ್ಷರವೋ ಮುತ್ತು ಪೋಣಿಸಿದಂತೆ. 'ವೇಸ್ಟ್ ಲ್ಯಾಂಡ್ ಹೇಗನ್ನಿಸಿತಮ್ಮ?' ಎಂದು ಕೇಳಿದೆ. 'ಐದು ಭಾಗಗಳಿವೆ ಸರ್, ಐದರ ಹೆಸರೂ ಗೊತ್ತು. ಓದಿಲ್ಲ' ಎಂದಳು.

ಗದರಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ತಪ್ಪು ಅವಳದಲ್ಲ. 2025ರ ಪರೀಕ್ಷೆಯಲ್ಲಿ 75 ಪ್ರಶ್ನೆಗಳಿಗೆ ಕೊಟ್ಟದ್ದು 90 ನಿಮಿಷ, ಅಂದರೆ ಒಂದಕ್ಕೆ 72 ಸೆಕೆಂಡು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಕೃತಿಗೂ ಕರ್ತೃವಿಗೂ ಹೊಂದಿಸಿ, ಪ್ರಕಟವಾದ ಕ್ರಮದಲ್ಲಿ ಜೋಡಿಸಿ ಎಂಬಂಥ ಪ್ರಶ್ನೆಗಳಿಗೆ ಕಾವ್ಯ ಓದಿದವಳಿಗಿಂತ ಕಾವ್ಯದ ಜಾತಕ ಬಾಯಿಪಾಠ ಮಾಡಿದವಳೇ ಬೇಗ ಉತ್ತರಿಸುತ್ತಾಳೆ. ಓದಿದವಳು ಒಂದು ಸಾಲಿನ ನೆನಪಿನಲ್ಲಿ ತಡೆದು ನಿಂತರೆ 72 ಸೆಕೆಂಡು ಮುಗಿದೇ ಹೋಗಿರುತ್ತದೆ.

ಹಿಂದೆ ಹೀಗಿರಲಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು) ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿದ್ದಾಗ ಇಂಗ್ಲಿಷ್ ಎಂ.ಎ.ಗೆ ಬರುವವರು ಪೆನ್ನು ಹಿಡಿದು ಬರೆಯಬೇಕಿತ್ತು. 2019ರಲ್ಲಿ ಅದು ಕಂಪ್ಯೂಟರಿನ ಮುಂದಿನ ಬಹುಆಯ್ಕೆ ಪರೀಕ್ಷೆಯಾಯಿತು. 2022ರಿಂದ ಸಿಯುಇಟಿ ಬಂದಿದೆ. ಕಲಬುರಗಿ ಜಿಲ್ಲೆಯ ನಮ್ಮ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಹೈದರಾಬಾದ್ ವಿಶ್ವವಿದ್ಯಾಲಯಕ್ಕೂ ಈಗ ಇದೇ ಬಾಗಿಲು.

ಬರವಣಿಗೆಯ ಪರೀಕ್ಷೆಯೇ ಪರಮ ನ್ಯಾಯ ಎಂದು ನಾನು ವಾದಿಸುವುದಿಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಸಂಜೆ ನಾಲ್ಕರ ನಂತರ ಕೈಗೆ ಬಂದ ಉತ್ತರ ಪತ್ರಿಕೆಗಳಿಗೆ ನಾನೇ ಎಷ್ಟು ನ್ಯಾಯ ಒದಗಿಸಿದ್ದೇನೆ ಎಂಬುದು ನನಗೆ ಗೊತ್ತು. ಯಂತ್ರಕ್ಕೆ ಆಯಾಸವಿಲ್ಲ, ಮುಲಾಜಿಲ್ಲ, ಫಲಿತಾಂಶವೂ ಬೇಗ. ಒಪ್ಪೋಣ. ಆದರೆ ಯಂತ್ರವೇ ತಿದ್ದಲಿ ಎಂದ ಮಾತ್ರಕ್ಕೆ ಇಸವಿಗಳನ್ನೇ ಕೇಳಬೇಕೆಂದು ಎಲ್ಲಿದೆ? ಯಾರೂ ಮೊದಲೇ ಓದಿರದ ಒಂದು ಪದ್ಯ, ಒಂದು ಗದ್ಯಖಂಡ ಕೊಡಲಿ. ಈ ಸಾಲಿನ ದನಿ ವ್ಯಂಗ್ಯದ್ದೋ ವಿಷಾದದ್ದೋ, ಮಾತನಾಡುತ್ತಿರುವವರು ಯಾರು, ಮೂರನೆಯ ಚರಣದಲ್ಲಿ ತಿರುವು ಬಂದದ್ದು ಯಾವ ಪದದಿಂದ ಎಂದು ನಾಲ್ಕು ಆಯ್ಕೆ ಕೊಟ್ಟೇ ಕೇಳಬಹುದು. 75ರಲ್ಲಿ 40 ಪ್ರಶ್ನೆಗಳಾದರೂ ಹೀಗಿರಲಿ, ಓದಲು ಇನ್ನೂ ಅರ್ಧ ಗಂಟೆ ಸಿಗಲಿ.

ಇದರಿಂದ ನಮ್ಮ ಹುಡುಗರಿಗೆ ಕಷ್ಟವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳ ಇಂಗ್ಲಿಷ್ ವ್ಯಾಕರಣ ಎಡವುತ್ತದೆ, ನಿಜ. ಆದರೆ ಅಲ್ಲಮನ ಬೆಡಗಿನ ವಚನವನ್ನು ಕನ್ನಡದ ತರಗತಿಯಲ್ಲಿ ಬಿಡಿಸಿ ಕುಳಿತವರಿಗೆ ರೂಪಕ ಹೊಸದಲ್ಲ. ಈಗಿನ ಪರೀಕ್ಷೆಯಲ್ಲಿ ಆ ಶಕ್ತಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ಕೋಚಿಂಗಿಗೆ ಹಣ ಕಟ್ಟಿ, ಸಾವಿರ ಪ್ರಶ್ನೆಗಳ ಗೈಡು ಉರು ಹೊಡೆದವರೇ ಮುಂದೆ ಹೋಗುತ್ತಾರೆ. (ನಾವು ಅಧ್ಯಾಪಕರೂ ಸಾಚಾಗಳಲ್ಲ. ಕೃತಿಯನ್ನು ಬದಿಗಿಟ್ಟು ಅದರ ಸಾರಾಂಶ ಬರೆಸುವ ಚಾಳಿ ಪದವಿ ತರಗತಿಗಳಲ್ಲಿ ಶುರುವಾದದ್ದು ಸಿಯುಇಟಿಗಿಂತ ಎಷ್ಟೋ ಮೊದಲು.)

ಈಗ ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಒಂದೊಂದು ಪದ್ಯ ಓದುತ್ತಿದ್ದೇವೆ. ಏಳು ಮಂದಿ ಬರುತ್ತಿದ್ದರು, ಕಳೆದ ವಾರ ನಾಲ್ವರು ಬಂದರು. ಉಳಿದವರಿಗೆ ಆನ್‌ಲೈನ್ ಅಣಕು ಪರೀಕ್ಷೆ ಇತ್ತಂತೆ. ನೋಟ್‌ಬುಕ್ಕಿನ ಹುಡುಗಿ ಬಂದಿದ್ದಳು, ವೇಸ್ಟ್ ಲ್ಯಾಂಡಿನ ಮೊದಲ ಭಾಗವನ್ನು ಜೋರಾಗಿ ಓದಿದಳು. ಮುಗಿದ ಮೇಲೆ, 'ಇದರ ಮೇಲೆ ಎಷ್ಟು ಪ್ರಶ್ನೆ ಬರಬಹುದು ಸರ್?' ಎಂದು ಕೇಳಿದಳು. ಒಂದು ಬಂದರೆ ಹೆಚ್ಚು ಎಂದೆ. ನೋಟ್‌ಬುಕ್ ಬದಿಗಿಡು ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ.

ಇಂಗ್ಲಿಷ್ ಅಧ್ಯಾಪಕ, ಹಾವೇರಿ ಜಿಲ್ಲೆ